ಬರಿಯ 'ಹೊಟ್ಟೆನೋವು' ಎಂದರೆ ಸಾಲದು

ಹೊಟ್ಟೆಯ ವ್ಯಥೆಯನ್ನು ಹೇಳಿಕೊಳ್ಳುವುದಕ್ಕೆ ಕನ್ನಡಿಗನಿಗೆ ಮಾತಿನ ಬರವಿಲ್ಲ. ಹೊಟ್ಟೆ ನುಲಿಯುತ್ತದೆ, ಹಿಂಡುತ್ತದೆ, ಕಡಿಯುತ್ತದೆ, ಉರಿಯುತ್ತದೆ, ಉಬ್ಬುತ್ತದೆ, ತೊಳಸುತ್ತದೆ, ಹಿಡಿದುಕೊಳ್ಳುತ್ತದೆ. ಇವುಗಳಲ್ಲಿ ಒಂದು ಇನ್ನೊಂದಲ್ಲವೆಂಬುದನ್ನು ನಮ್ಮ ಅಜ್ಜಿಯರು ಯಾವ ವೈದ್ಯಗ್ರಂಥವನ್ನೂ ಓದದೆಯೇ ಬಲ್ಲವರಾಗಿದ್ದರು. ನುಲಿತಕ್ಕೆ ಓಮದ ಕಷಾಯವನ್ನೂ ಉರಿಗೆ ನೀರುಮಜ್ಜಿಗೆಯನ್ನೂ ಬೇರೆಬೇರೆಯಾಗಿಯೇ ಕೊಡುತ್ತಿದ್ದರು. ಆದರೆ ಊರು ಬಿಟ್ಟು ಬಂದ ನಮ್ಮವನು ನಡುರಾತ್ರಿಯಲ್ಲಿ ಹೊಟ್ಟೆಯನ್ನು ಎರಡು ಕೈಗಳಿಂದಲೂ ಒತ್ತಿಕೊಂಡು ಪರಸ್ಥಳದ ಆಸ್ಪತ್ರೆಯ ಮೇಜಿನ ಮುಂದೆ ಬಾಗಿ ನಿಂತಾಗ ಈ ಸಿರಿಯೆಲ್ಲವೂ ಅವನನ್ನು ಕೈಬಿಡುತ್ತದೆ. ಮುಂಬಯಿ, ಪುಣೆಗಳಲ್ಲಿ 'ಪೋಟ್ ದುಖತೆ' ಎನ್ನುತ್ತಾನೆ. ದಿಲ್ಲಿಯಲ್ಲಿ 'ಪೇಟ್ ದರ್ದ್' ಎನ್ನುತ್ತಾನೆ. ಹೈದರಾಬಾದಿನಲ್ಲಿ 'ಕಡುಪು ನೊಪ್ಪಿ' ಎನ್ನುತ್ತಾನೆ. ನುಲಿತಕ್ಕೆ ಮರಾಠಿಯಲ್ಲಿ 'ಮುರಡಾ' ಎಂಬ ಮಾತೂ ಹಿಂದಿಯಲ್ಲಿ 'ಮರೋಡ್' ಎಂಬ ಮಾತೂ ಇವೆಯಾದರೂ, ಗಿರಾಕಿಗಳೊಡನೆ ಲೆಕ್ಕ ಆಡುವಷ್ಟಕ್ಕೆ ಕಲಿತ ಭಾಷೆಯಲ್ಲಿ ಅವು ಅವನಿಗೆ ಸಿಕ್ಕಿರುವುದಿಲ್ಲ. ತುಳುನಾಡಿನ ಹುಡುಗನಾದರೆ ಮನೆಯ ಮಾತಿನಲ್ಲಿ 'ಬಂಜಿಬೇನೆ' ಎಂದು ನರಳುತ್ತಾನೆ. ಅದನ್ನು ಕೇಳುವವರು ಅಲ್ಲಿ ಯಾರಿದ್ದಾರೆ? ಪಾಳಿಯ ವೈದ್ಯರು ಕೇಸ್ ಪೇಪರಿನಲ್ಲಿ ಇಂಗ್ಲಿಷಿನ ಎರಡು ಶಬ್ದಗಳನ್ನು ಗೀಚಿ ಮುಂದಿನವನನ್ನು ಕರೆಯುತ್ತಾರೆ. ಆ ಶಬ್ದಗಳು 'ಪೇನ್ ಅಬ್ಡೊಮೆನ್' ಎಂಬುವು.

ನೋವು ಇಳಿದು ಮನೆಗೆ ಬಂದುಬಿಟ್ಟರೆ ಆ ಎರಡು ಶಬ್ದಗಳು ಏನಾದರೇನು ಎಂದು ಕೇಳುವವರುಂಟು. ಆಸ್ಪತ್ರೆಯ ಬಿಲ್ಲನ್ನು ಗಂಟಿನಿಂದ ಬಿಚ್ಚಿ ಕೊಡುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಗೆ ಸ್ವಲ್ಪ ಅರ್ಥವಿದ್ದಿತು. ಈಗ ವಿಮೆಯ ಕಾಲ ಬಂದಿದೆ. ಬರೆದ ಪ್ರತಿಯೊಂದು ಶಬ್ದವೂ ಒಂದು ಸಂಖ್ಯೆಯಾಗಿ ಮಾರ್ಪಟ್ಟು, ಆ ಸಂಖ್ಯೆ ನಮ್ಮನ್ನು ಎಂದೂ ಕಾಣದ ಗುಮಾಸ್ತನೊಬ್ಬನ ಮುಂದೆ ನಿಂತು ನಮ್ಮ ಪರವಾಗಿಯೋ ವಿರೋಧವಾಗಿಯೋ ಸಾಕ್ಷಿ ನುಡಿಯುತ್ತದೆ. ಆದುದರಿಂದಲೇ ಈ ವಿಷಯವನ್ನು ಅಗ್ರಲೇಖನಕ್ಕೆ ಎತ್ತಿಕೊಂಡಿದ್ದೇವೆ.

ರೋಗಕ್ಕೆ ಸಂಖ್ಯೆ ಕೊಡುವ ಈ ಪದ್ಧತಿ ಇತ್ತೀಚಿನ ಯಂತ್ರಯುಗದ ಸೃಷ್ಟಿಯೆಂದು ಭಾವಿಸಬೇಕಾಗಿಲ್ಲ. ಹದಿನೇಳನೆಯ ಶತಮಾನದ ಲಂಡನ್ ನಗರದಲ್ಲಿ ವಾರವಾರವೂ ಮರಣಪಟ್ಟಿಗಳು ಪ್ರಕಟವಾಗುತ್ತಿದ್ದುವು. ಅವುಗಳಲ್ಲಿ 'ಕರುಳಿನ ನುಲಿತ' ಎಂಬರ್ಥದ ಒಂದು ಪ್ರತ್ಯೇಕ ಬಾಬತ್ತೇ ಇದ್ದಿತು. ಮಹಾಮಾರಿಯ ವರ್ಷವಾದ 1665ರ ಪಟ್ಟಿಯಲ್ಲಿ ಅದರಿಂದ ಸತ್ತವರೆಂದು 1,288 ಮಂದಿಯನ್ನು ಬರೆದಿದ್ದಾರೆ. ಕರುಳು ನುಲಿಯಿತು, ಮನುಷ್ಯ ಸತ್ತ. ಏಕೆ ನುಲಿಯಿತೆಂಬುದನ್ನು ಹೇಳುವವರಿರಲಿಲ್ಲ. ಆ ಪಟ್ಟಿಗಳನ್ನು ಕಲೆಹಾಕಿ ಜಾನ್ ಗ್ರಾಂಟ್ ಎಂಬ ಬಟ್ಟೆ ವ್ಯಾಪಾರಿಯು 1662ರಲ್ಲಿಯೇ ಒಂದು ಪುಸ್ತಕವನ್ನು ಬರೆದಿದ್ದನು. ಅಂಗಡಿಯಲ್ಲಿ ಕುಳಿತವನಿಗೂ ಇಂಥ ವಿಷಯಗಳಲ್ಲಿ ಮಾತಾಡುವ ಅಧಿಕಾರವುಂಟೆಂಬುದಕ್ಕೆ ಇದು ನಮಗೆ ಸಾಕಾದ ಆಧಾರ! ಮುಂದೆ 1893ರಲ್ಲಿ, ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಅದೇ ವರ್ಷ ಅದೇ ಷಿಕಾಗೋ ನಗರದಲ್ಲಿ ಕೂಡಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಫ್ರಾನ್ಸಿನ ಝಾಕ್ ಬೆರ್ತಿಯೋಂ ಸಿದ್ಧಪಡಿಸಿದ ಮರಣಕಾರಣಗಳ ವರ್ಗೀಕರಣವನ್ನು ಒಪ್ಪಿಕೊಂಡಿತು. 1948ರಲ್ಲಿ ಈ ಕೆಲಸ ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂದು, ಸಾವಿನ ಕಾರಣಗಳ ಜೊತೆಗೆ ಬದುಕಿರುವವರ ರೋಗಗಳಿಗೂ ಅದರಲ್ಲಿ ಸ್ಥಾನ ದೊರೆಯಿತು. ಹತ್ತನೆಯ ಪರಿಷ್ಕರಣ 1990ರಲ್ಲಿ ಅಂಗೀಕೃತವಾಯಿತು. ಹನ್ನೊಂದನೆಯದು 2019ರಲ್ಲಿ ಅಂಗೀಕಾರ ಪಡೆದು 2022ರ ಜನವರಿ 1ರಿಂದ ಜಾರಿಗೆ ಬಂದಿದ್ದರೂ, ನಮ್ಮ ದೇಶದ ವಿಮೆಯ ನಮೂನೆಗಳು ಕೇಳುತ್ತ ಬಂದಿರುವುದು ಹತ್ತನೆಯದರ ಸಂಖ್ಯೆಯನ್ನೇ.

ಆ ಹತ್ತನೆಯ ಪುಸ್ತಕದಲ್ಲಿ ಹೊಟ್ಟೆನೋವಿನ ಮನೆ 'ಆರ್ 10' ಎಂಬುದು. ಅದರೊಳಗೆ ಐದು ಕೋಣೆಗಳು. ತಟಕ್ಕನೆ ಎದ್ದು ಶಸ್ತ್ರಚಿಕಿತ್ಸಕನನ್ನು ಕರೆಸುವಂಥ ಉಗ್ರ ಸ್ಥಿತಿಗೆ 10.0, ಮೇಲುಹೊಟ್ಟೆಯ ನೋವಿಗೆ 10.1, ವಸ್ತಿಕುಹರದ ನೋವಿಗೆ 10.2, ಕಿಬ್ಬೊಟ್ಟೆಯ ಇತರ ಭಾಗಗಳಿಗೆ 10.3, ಇದಾವುದನ್ನೂ ನಿಶ್ಚಯವಾಗಿ ಹೇಳದಿದ್ದರೆ ಕೊನೆಯ ಕೋಣೆ, 10.4. ಅಮೇರಿಕದವರು 2015ರ ಅಕ್ಟೋಬರ್ 1ರಿಂದ ತಮ್ಮದೇ ಆದ ವಿಸ್ತೃತ ಪಾಠವನ್ನು ಬಳಸುತ್ತಿದ್ದು, ಅದರಲ್ಲಿ ಬಲಗಡೆಯ ಮೇಲ್ಭಾಗಕ್ಕೆ ಒಂದು, ಎಡಗಡೆಯ ಮೇಲ್ಭಾಗಕ್ಕೆ ಇನ್ನೊಂದು, ಎದೆಗುಳಿಯ ಕೆಳಗೆ ಮತ್ತೊಂದು, ಹೊಕ್ಕುಳ ಸುತ್ತ ಬೇರೊಂದು ಎಂದು ಕೋಣೆಗಳನ್ನು ಒಡೆದಿದ್ದಾರೆ. ಗಮನಿಸಬೇಕಾದ ಮಾತೆಂದರೆ, ಇವೆಲ್ಲವೂ ಲಕ್ಷಣಗಳ ಅಧ್ಯಾಯಕ್ಕೆ ಸೇರಿದುವು. ನೋವಿನ ಮೂಲ ತಿಳಿದೊಡನೆ 'ಆರ್ 10' ಸರಿದು ನಿಂತು ರೋಗಕ್ಕೆ ಎಡೆಗೊಡತಕ್ಕದ್ದು. ಅಪೆಂಡಿಕ್ಸಿನ ತೀವ್ರ ಉರಿಯೂತವಾದರೆ 'ಕೆ 35', ಪಿತ್ತಕೋಶದ ಕಲ್ಲಾದರೆ 'ಕೆ 80', ಮೂತ್ರಪಿಂಡದ ಅಥವಾ ಮೂತ್ರನಾಳದ ಕಲ್ಲಾದರೆ 'ಎನ್ 20', ಜಂತುಹುಳುವಾದರೆ 'ಬಿ 77'.

ಈ ಸಂಖ್ಯೆಯನ್ನು ಹಾಕುವವನು ವೈದ್ಯನಲ್ಲ. ರೋಗಿಯ ಮುಖವನ್ನು ಕಾಣದ ಸಂಕೇತಕಾರ. ಕಾಗದದಲ್ಲಿ ಬರೆಯದುದನ್ನು ಅವನು ಊಹಿಸಕೂಡದು. ಗಲ್ಲಾದ ಮೇಲೆ ಬಹುಕಾಲ ಕುಳಿತು ಬಂದ ನಮಗೆ ಇದನ್ನು ಅಡಿಗೆಮನೆಯ ಭಾಷೆಯಲ್ಲಿ ಹೇಳುವುದು ಸುಲಭ. ಮಾಣಿಯು ಚೀಟಿಯಲ್ಲಿ 'ದೋಸೆ' ಎಂದಷ್ಟೇ ಬರೆದು ಒಳಗೆ ಕಳುಹಿಸಿದರೆ ಭಟ್ಟರು ಸಾದಾ ಹುಯ್ಯಬೇಕೋ, ಮಸಾಲೆಯೋ, ರವೆಯೋ? ಗಿರಾಕಿ ಬಾಯಿಬಿಟ್ಟು ಹೇಳಿದ್ದಿರಬಹುದು, ಮಾಣಿಗೆ ಕೇಳಿಸಿದ್ದೂ ಇರಬಹುದು. ಚೀಟಿಯಲ್ಲಿ ಇಲ್ಲದ ಮೇಲೆ ಒಲೆಯ ಮುಂದೆ ನಿಂತವನ ಪಾಲಿಗೆ ಅದು ಇಲ್ಲವೇ ಇಲ್ಲ. ಹಾಗೆಯೇ 'ಪೇನ್ ಅಬ್ಡೊಮೆನ್' ಎಂದು ಬಂದ ಚೀಟಿಗೆ ಸಂಕೇತಕಾರನು ಆ ಕೊನೆಯ ಕೋಣೆಯನ್ನೇ ತೆರೆದುಕೊಡುತ್ತಾನೆ.

ಇಲ್ಲೊಂದು ವಿಪರ್ಯಾಸವನ್ನು ಹೇಳದೆ ಮುಂದೆ ಹೋಗಲಾರೆವು. ಚೆನ್ನೈ, ಹೈದರಾಬಾದು, ಬೆಂಗಳೂರುಗಳಲ್ಲಿ ಅಮೇರಿಕದ ಆಸ್ಪತ್ರೆಗಳ ದಾಖಲೆಗಳಿಗೆ ಸಂಖ್ಯೆ ಹಾಕುವುದೇ ಒಂದು ದೊಡ್ಡ ಉದ್ಯೋಗವಾಗಿ ಬೆಳೆದಿದೆ. ಜೀವಶಾಸ್ತ್ರದ ಪದವಿ ಪಡೆದ ನಮ್ಮ ತರುಣ ತರುಣಿಯರು ಅದರಲ್ಲಿ ಅನ್ನ ಕಂಡುಕೊಂಡಿದ್ದಾರೆ, ಸಂತೋಷ. ಅಮೇರಿಕದ ಯಾವುದೋ ಪಟ್ಟಣದ ಮುದುಕಿಯ ಹೊಟ್ಟೆ ಹೊಕ್ಕುಳ ಬಳಿ ನೊಂದಿತೋ ಬಲಪಕ್ಕೆಯಲ್ಲಿ ನೊಂದಿತೋ ಎಂಬುದನ್ನು ಅವರು ಕೂಲಂಕಷವಾಗಿ ವಿಂಗಡಿಸಿಡುತ್ತಾರೆ. ಅದೇ ತರುಣಿಯ ತಾಯಿಗೆ ಅದೇ ಊರಿನ ನರ್ಸಿಂಗ್ ಹೋಮಿನಲ್ಲಿ ಕೊಡುವ ಕಾಗದದಲ್ಲಿ ಆ ಎರಡೇ ಶಬ್ದಗಳು!

ನೋವನ್ನು ವಿವರವಾಗಿ ಹೇಳುವುದರ ಪ್ರಯೋಜನ ಕೇವಲ ಕಾಗದದ್ದೂ ಅಲ್ಲ. ಟೊಳ್ಳಾದ ನಾಳದೊಳಗೆ ಅಡ್ಡಿಯುಂಟಾದಾಗ ಅದರ ಸ್ನಾಯುಗಳು ಹಿಂಡಿಹಿಂಡಿ ಅದನ್ನು ದೂಡಲು ಯತ್ನಿಸುತ್ತವೆ; ಅಲೆಅಲೆಯಾಗಿ ಬಂದು ನಡುವೆ ಬಿಡುವು ಕೊಡುವ ನುಲಿತದ ನೋವು ಅದು. ಅಂಥವನು ಒಂದು ಕಡೆ ನಿಲ್ಲಲಾರ, ಕೂರಲಾರ, ಹೊರಳಾಡುತ್ತಾನೆ. ಹೊಟ್ಟೆಯ ಒಳಪೊರೆಗೇ ಉರಿಯೂತ ತಗುಲಿದವನಾದರೋ ಅಲುಗಾಡಿದರೆ ಪ್ರಾಣ ಹೋಗುವುದೆಂಬಂತೆ ಮರದ ಕೊರಡಿನ ಹಾಗೆ ಮಲಗಿರುತ್ತಾನೆ. ಅಪೆಂಡಿಕ್ಸಿನ ನೋವು ಅನೇಕ ವೇಳೆ ಹೊಕ್ಕುಳ ಸುತ್ತ ಪ್ರಾರಂಭವಾಗಿ ಕೆಲವು ಗಂಟೆಗಳ ಮೇಲೆ ಬಲಗಡೆಯ ಕೆಳಹೊಟ್ಟೆಗೆ ಇಳಿದು ನಿಲ್ಲುತ್ತದೆ. ಮೂತ್ರನಾಳದ ಕಲ್ಲು ಸೊಂಟದ ಪಕ್ಕದಿಂದ ತೊಡೆಸಂದಿಯ ಕಡೆಗೆ ಎಳೆಯುತ್ತದೆ. ಪಿತ್ತಕೋಶದ ಕಲ್ಲು ಎಣ್ಣೆ ಜಿಡ್ಡಿನ ಊಟದ ಮೇಲೆ ಬಲಗಡೆಯ ಪಕ್ಕೆಲುಬಿನ ಕೆಳಗೆ ಎದ್ದು ಬಲಭುಜದ ಹಲಗೆಯ ತನಕ ಸಾಗುವುದುಂಟು. ಮೇದೋಜೀರಕದ ಉರಿಯೂತ ಬೆನ್ನಿಗೆ ಕೊರೆಯುತ್ತದೆ. ಎಲ್ಲಿ ಶುರುವಾಯಿತು, ಎಲ್ಲಿಗೆ ಹೋಯಿತು, ಬಿಟ್ಟುಬಿಟ್ಟು ಬರುತ್ತದೆಯೋ ಒಂದೇ ಸಮನೆ ಇದೆಯೋ, ಮೊದಲು ನೋವೋ ಮೊದಲು ವಾಂತಿಯೋ, ಮಲಮೂತ್ರಗಳು ಹೇಗಾದುವು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತರೆ ವೈದ್ಯನಿಗೆ ಅರ್ಧ ದಾರಿ ನಡೆದಂತೆ.

ನಮ್ಮ ಹೋಟೆಲುಗಳಲ್ಲಿ ಇನ್ನೊಂದು ಅಪಾಯಕರವಾದ ಶಬ್ದ ಚಲಾವಣೆಯಲ್ಲಿದೆ. 'ಗ್ಯಾಸ್' ಎಂಬುದು ಆ ಶಬ್ದ. ಹೊತ್ತುಗೊತ್ತಿಲ್ಲದ ಊಟ, ಒಲೆಯ ಕಾವು, ಅರೆನಿದ್ರೆ ಇವುಗಳಲ್ಲಿ ದಿನ ಕಳೆಯುವವರಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಏನೇ ಆದರೂ ಅದು ಗ್ಯಾಸು. ಸೋಡಾ ಕುಡಿದು ಮಲಗಿದರೆ ಸರಿಹೋಗುತ್ತದೆಂಬ ನಂಬಿಕೆ. ಹೃದಯದ ಕೆಳಗೋಡೆಗೆ ರಕ್ತ ನಿಂತಾಗಲೂ ನೋವು ಎದೆಗುಳಿಯ ಕೆಳಗೆ, ಹೊಟ್ಟೆಯದೇ ಎಂಬಂತೆ ಕಾಣಿಸಿಕೊಳ್ಳಬಹುದೆಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತು. ಬೆವರು ಕಿತ್ತುಕೊಂಡು ಬಂದಿತು, ಎಡಗೈ ಸೋಲುತ್ತಿದೆ ಎಂದು ರೋಗಿ ಹೇಳದೆ 'ಗ್ಯಾಸ್ ಆಗಿದೆ' ಎಂದು ತಾನೇ ರೋಗನಿರ್ಣಯ ಮಾಡಿಕೊಂಡು ಹೋದರೆ, ಜನಸಂದಣಿಯ ರಾತ್ರಿಯಲ್ಲಿ ಅದೇ ಮಾತು ಕಾಗದಕ್ಕೂ ಇಳಿದೀತು.

ಇನ್ನು ಹಣದ ಮಾತು. ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಯಾವುದಕ್ಕೆ ಪರಿಹಾರವಿಲ್ಲವೆಂಬ ಕಲಮುಗಳನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿ, ಪ್ರತಿಯೊಂದಕ್ಕೂ ಒಂದು ಗುರುತನ್ನು ಕೊಟ್ಟಿತು. ಅವುಗಳಲ್ಲಿ 'ಎಕ್ಸ್‌ಕ್ಲ್ 04' ಎಂಬುದನ್ನು ನಮ್ಮ ವಾಚಕರು ನೆನಪಿನಲ್ಲಿಡಬೇಕು. ಮುಖ್ಯವಾಗಿ ತಪಾಸಣೆ ಮತ್ತು ಪರೀಕ್ಷೆಗಳಿಗಾಗಿಯೇ ಆಸ್ಪತ್ರೆಗೆ ಸೇರಿದ್ದಾದರೆ ಆ ವೆಚ್ಚ ಸಿಕ್ಕತಕ್ಕದ್ದಲ್ಲವೆಂಬುದು ಅದರ ತಾತ್ಪರ್ಯ. ಹೊಟ್ಟೆನೋವಿನವನಿಗೆ ಇದು ಹೇಗೆ ಕೊರಳಿಗೆ ಬೀಳುತ್ತದೆಂಬುದನ್ನು ನೋಡಿರಿ. ರಾತ್ರಿ ಸಹಿಸಲಾರದ ನುಲಿತ. ಏಳೆಂಟು ಸಲ ವಾಂತಿ. ಆಸ್ಪತ್ರೆಯಲ್ಲಿ ಗ್ಲೂಕೋಸು ಏರಿಸಿ, ಸೂಜಿಯ ಮೂಲಕ ಔಷಧ ಕೊಟ್ಟು, ಅಪೆಂಡಿಕ್ಸ್ ಇರಬಹುದೆಂದು ಶಸ್ತ್ರಚಿಕಿತ್ಸಕರನ್ನು ಕರೆಸಿ, ಸೋನೋಗ್ರಫಿ ಮಾಡಿ, ಎರಡು ರಾತ್ರಿ ಕಾದುನೋಡುತ್ತಾರೆ. ದೈವಕೃಪೆಯಿಂದ ಏನೂ ಕಾಣಿಸದೆ ನೋವು ತಾನಾಗಿಯೇ ಇಳಿಯುತ್ತದೆ. ಬಿಡುಗಡೆಯ ಸಾರಾಂಶದಲ್ಲಿ ಬರೆಯುವುದೇನು? 'ಪೇನ್ ಅಬ್ಡೊಮೆನ್, ಪರೀಕ್ಷೆಗಳನ್ನು ಮಾಡಲಾಯಿತು, ಸ್ಥಿತಿ ಉತ್ತಮ, ಮನೆಗೆ ಕಳುಹಿಸಲಾಯಿತು.' ವಾಂತಿಯ ಮಾತಿಲ್ಲ, ನೀರು ಬತ್ತಿದ ದೇಹದ ಮಾತಿಲ್ಲ, ನಾಲ್ಕು ಗಂಟೆಗೊಮ್ಮೆ ಕೊಟ್ಟ ಸೂಜಿಯ ಮಾತಿಲ್ಲ, ಶಸ್ತ್ರಚಿಕಿತ್ಸಕರ ಅಭಿಪ್ರಾಯವಿಲ್ಲ. ಕಾಗದವನ್ನಷ್ಟೇ ನೋಡುವ ವಿಮೆಯವನು, ಈ ಮನುಷ್ಯ ಪರೀಕ್ಷೆ ಮಾಡಿಸಿಕೊಳ್ಳಲೆಂದೇ ಎರಡು ದಿನ ಮಲಗಿದ್ದನೆಂದು ತೀರ್ಮಾನಿಸಿದರೆ ಅವನನ್ನಷ್ಟೇ ಬೈದು ಫಲವಿಲ್ಲ. ಮೂಲ ಸಿಕ್ಕದ ನೋವಿಗೆ 'ಆರ್ 10' ಹಾಕುವುದು ತಪ್ಪೇನೂ ಅಲ್ಲ. ಆ ಸಂಖ್ಯೆಯ ಬೆನ್ನಿಗೆ ನಿಲ್ಲಬೇಕಾದ ವಿವರವನ್ನು ಬರೆಯದೆ ಬಿಟ್ಟುದು ತಪ್ಪು.

ನಗದಿಲ್ಲದೆ ಚಿಕಿತ್ಸೆ ಕೋರುವ ನಮೂನೆಯಲ್ಲಿ ಇನ್ನೊಂದು ಸಾಲು ಇದೆ: ಈಗಿನ ಕಾಯಿಲೆ ಎಷ್ಟು ದಿನಗಳಿಂದ? ಮೊದಲು ವೈದ್ಯರಿಗೆ ತೋರಿಸಿದ್ದು ಯಾವಾಗ? ನಮ್ಮವರು ಇದರ ಗಾಂಭೀರ್ಯವನ್ನರಿಯರು. 'ಎಷ್ಟು ಸಮಯದಿಂದ ನೋವು?' ಎಂದು ಅರೆಬರೆ ಹಿಂದಿಯಲ್ಲಿ ಕೇಳಿದರೆ, 'ಮೊದಲಿನಿಂದಲೂ ನನ್ನ ಹೊಟ್ಟೆ ಹೀಗೆಯೇ, ಎರಡು ಮೂರು ವರ್ಷವಾಯಿತು' ಎಂದು ಅರೆಬರೆ ಹಿಂದಿಯಲ್ಲಿಯೇ ಉತ್ತರ. ಆಗೀಗ ಆಗುತ್ತಿದ್ದ ಅಜೀರ್ಣವೂ ನಿನ್ನೆ ರಾತ್ರಿ ಹುಟ್ಟಿದ ಶೂಲೆಯೂ ಒಂದೇ ಸಾಲಿನಲ್ಲಿ ಬೆಸೆದುಹೋಗುತ್ತವೆ. ಪಾಲಿಸಿ ಕೊಂಡು ಒಂದು ವರ್ಷವಾಗಿದ್ದವನ ಕಾಗದದಲ್ಲಿ ಮೂರು ವರ್ಷದ ನೋವು ದಾಖಲಾದರೆ, ಪೂರ್ವದಿಂದಲೇ ಇದ್ದ ಕಾಯಿಲೆಯೆಂಬ ಆಕ್ಷೇಪಣೆಗೆ ಬಾಗಿಲು ತೆರೆದಂತಾಯಿತು. ನಿಯಮದ ವ್ಯಾಖ್ಯೆಯಲ್ಲಿ ಪೂರ್ವರೋಗವೆಂದರೆ ಪಾಲಿಸಿಗೆ ಮುಂಚೆ ವೈದ್ಯನು ನಿರ್ಣಯಿಸಿದ ಅಥವಾ ಚಿಕಿತ್ಸೆ ಇಲ್ಲವೆ ಸಲಹೆ ಕೊಟ್ಟ ರೋಗ. ತಾನೇ ಜೀರಿಗೆ ಅಗಿದು ಸುಧಾರಿಸಿಕೊಂಡ ಹೊಟ್ಟೆಯುಬ್ಬರ ಅದಾಗಲಾರದು. ಅಂಥ ರೋಗಕ್ಕೂ ಕಾಯಬೇಕಾದ ಗರಿಷ್ಠ ಅವಧಿಯನ್ನು 2024ರಲ್ಲಿ ನಾಲ್ಕು ವರ್ಷಗಳಿಂದ ಮೂರಕ್ಕೆ ಇಳಿಸಿದ್ದಾರೆ. ಆದರೆ ಇದನ್ನೆಲ್ಲ ವಾದಿಸಿ ಗೆಲ್ಲುವುದಕ್ಕಿಂತ ಮೊದಲ ದಿನವೇ 'ಈ ನೋವು ನಿನ್ನೆ ರಾತ್ರಿ ಹತ್ತಕ್ಕೆ ಶುರುವಾಯಿತು' ಎಂದು ನಿಜವನ್ನು ನಿಜವಾದ ಅಳತೆಯಲ್ಲಿ ಹೇಳುವುದು ಲೇಸಲ್ಲವೇ?

ನಿಜದ ಮಾತು ಬಂದುದರಿಂದ ಒಂದು ಕಹಿಯನ್ನೂ ನುಡಿಯಬೇಕಾಗಿದೆ. 'ಡಾಕ್ಟರರೆ, ಏನಾದರೂ ದೊಡ್ಡ ಹೆಸರು ಬರೆದುಕೊಡಿ, ಕ್ಲೇಮು ಪಾಸಾಗಲಿ' ಎಂದು ಬೇಡುವವರು ನಮ್ಮಲ್ಲಿಯೂ ಇದ್ದಾರೆ; ಬರೆದುಕೊಡುವ ಉದಾರಿಗಳೂ ಇದ್ದಾರೆ. ಇದು ಮೋಸ. ಮೋಸವಾಗಿರುವುದರ ಜೊತೆಗೆ ಮೂರ್ಖತನವೂ ಹೌದು. ಇಲ್ಲದ ಹುಣ್ಣನ್ನು ಇಂದು ಹೊಟ್ಟೆಯೊಳಗೆ ಬರೆಸಿಕೊಂಡವನು ಅದನ್ನು ಜೀವಮಾನವಿಡೀ ಹೊರಬೇಕಾಗುತ್ತದೆ. ನಾಳೆ ಹೊಸ ಪಾಲಿಸಿ ಕೇಳಿದಾಗ ಅದು ಪೂರ್ವರೋಗ. ನಾಡಿದ್ದು ನಿಜವಾಗಿಯೇ ಶಸ್ತ್ರಚಿಕಿತ್ಸೆಗೆ ಮಲಗಿದಾಗ ಹೊಸ ವೈದ್ಯನ ದಾರಿ ತಪ್ಪಿಸುವ ಸುಳ್ಳು. ವಿವರವಾಗಿ ಬರೆಸಿಕೊಳ್ಳಿರೆಂದು ನಾವು ಹೇಳುವುದು ಆದುದನ್ನು, ಆಗದುದನ್ನಲ್ಲ.

ಹೆಂಗಸರ ವಿಷಯವನ್ನು ಬೇರೆಯಾಗಿಯೇ ಎತ್ತಬೇಕು. ಮುಟ್ಟಿನ ನುಲಿತವನ್ನು 'ಹೊರಗೆ ಕುಳಿತಿದ್ದೇನೆ' ಎಂಬ ಮುಸುಕಿನ ಮಾತಿನಿಂದ ಮನೆಯೊಳಗೆ ತಿಳಿಸಿ ಅಭ್ಯಾಸವಾದವಳು, ಅಪರಿಚಿತ ಭಾಷೆಯ ಅಪರಿಚಿತ ಗಂಡಸಿನ ಮುಂದೆ, ಗಂಡನನ್ನೋ ಮೈದುನನನ್ನೋ ದುಭಾಷಿಯಾಗಿ ಇಟ್ಟುಕೊಂಡು ಏನನ್ನು ತಾನೇ ಹೇಳಿಯಾಳು? ಮತ್ತೆ ಆ ಎರಡು ಶಬ್ದಗಳೇ ಗತಿ. ಮುಟ್ಟಿನ ನೋವಿಗೆ ಪುಸ್ತಕದಲ್ಲಿ 'ಎನ್ 94.6' ಎಂಬ ಸ್ವತಂತ್ರ ಸ್ಥಾನವುಂಟು. ಅದು ನಾಚಿಕೊಳ್ಳಬೇಕಾದ ಸಂಖ್ಯೆಯಲ್ಲ. ಅದಕ್ಕಿಂತ ಮುಖ್ಯವಾಗಿ, ಕೊನೆಯ ಮುಟ್ಟು ಯಾವ ದಿನಾಂಕದಂದು ಆಯಿತೆಂಬುದನ್ನು ಕೇಳಿ ಬರೆಯದಿದ್ದರೆ, ಗರ್ಭಕೋಶದ ಹೊರಗೆ ನಾಳದಲ್ಲಿ ನಿಂತ ಬಸಿರು ಬರಿಯ ಹೊಟ್ಟೆನೋವಿನ ವೇಷದಲ್ಲಿ ಹಾದುಹೋಗಿ, ನಾಳ ಒಡೆದು ಒಳಗೇ ರಕ್ತ ಹರಿದು, ಗಂಟೆಗಳ ಲೆಕ್ಕದಲ್ಲಿ ಪ್ರಾಣಕ್ಕೆ ಬರಬಹುದು. ಒಂದು ದಿನಾಂಕ, ಅದನ್ನು ಬರೆಯಲು ಒಂದು ಅಂಗುಲ ಜಾಗ ಸಾಕು. ಹೆಂಗಸರು ಒಬ್ಬ ಹೆಂಗಸನ್ನೇ ಜೊತೆಗೆ ಕರೆದುಕೊಂಡು ಹೋಗಲಿ. ಮನೆಯ ಗಂಡಸರು ಆ ಹೊತ್ತಿಗೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ವೈದ್ಯರಿಗೆ ಸಮಯವಿಲ್ಲವೆಂಬುದನ್ನು ನಾವು ಒಪ್ಪುತ್ತೇವೆ. ಸಾರ್ವಜನಿಕ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲನ್ನು ಕಂಡವರು ಅವರ ಮೇಲೆ ಕಲ್ಲೆಸೆಯಲಾರರು. ಆದರೆ ಸಾವಿರಗಟ್ಟಲೆ ಕೋಣೆಬಾಡಿಗೆ ತೆಗೆದುಕೊಳ್ಳುವ ಖಾಸಗಿ ಆಸ್ಪತ್ರೆಗಳಿಗೆ ಈ ಸಮಾಧಾನ ಸಲ್ಲದು. ಬಿಲ್ಲಿನಲ್ಲಿ ಹತ್ತಿಯ ಉಂಡೆಯನ್ನೂ ಕೈಚೀಲವನ್ನೂ ಬಿಡದೆ ಎಣಿಸುವ ಸೂಕ್ಷ್ಮದೃಷ್ಟಿ ಸಾರಾಂಶವನ್ನು ಬರೆಯುವಾಗ ಎಲ್ಲಿ ಹೋಗುತ್ತದೆ?

ರೋಗಿಯ ಕೈಯಲ್ಲಿಯೂ ಕೆಲವು ಹಕ್ಕುಗಳಿವೆ. 2002ರ ವೈದ್ಯವೃತ್ತಿ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಪ್ರಾರಂಭವಾದ ದಿನದಿಂದ ಮೂರು ವರ್ಷ ಇಟ್ಟಿರಬೇಕು. ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಸಾರಾಂಶ ಸೊಟ್ಟಾಗಿದ್ದರೂ ದಾದಿಯರ ಪಟ್ಟಿಯಲ್ಲಿ ಯಾವ ಗಂಟೆಗೆ ಯಾವ ಸೂಜಿ ಎಂಬುದು ನೇರವಾಗಿ ಇರುತ್ತದೆ. ಕೇಳಿ ಪಡೆಯಬೇಕಾದುದು ಆ ಪೂರ್ತಿ ಕಡತವನ್ನು. ಕ್ಲೇಮನ್ನು ತಳ್ಳಿಹಾಕಿದರೆ ಯಾವ ಕಲಮಿನ ಪ್ರಕಾರವೆಂಬುದನ್ನು ವಿಮಾ ಕಂಪೆನಿ ಬರವಣಿಗೆಯಲ್ಲಿ ತಿಳಿಸಬೇಕೆಂದೂ, ಕಂಪೆನಿಯ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ತಳ್ಳಿಹಾಕಕೂಡದೆಂದೂ 2024ರ ಮೇ ತಿಂಗಳ ಸುತ್ತೋಲೆ ವಿಧಿಸಿದೆ. ಅಲ್ಲಿಯೂ ನ್ಯಾಯ ಸಿಕ್ಕದಿದ್ದರೆ ಒಂದು ವರ್ಷದೊಳಗೆ ವಿಮಾ ಲೋಕಪಾಲರ ಬಳಿಗೆ ಹೋಗಬಹುದು. ಐವತ್ತು ಲಕ್ಷ ರೂಪಾಯಿಗಳ ತನಕದ ದೂರುಗಳನ್ನು ಅವರು ಶುಲ್ಕವಿಲ್ಲದೆ ವಿಚಾರಿಸುತ್ತಾರೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿ ಈ ಐದು ಊರುಗಳಲ್ಲಿಯೂ ಅವರ ಕಚೇರಿಗಳಿವೆ. ಆದರೆ ಇವೆಲ್ಲ ಮನೆಗೆ ಬೆಂಕಿ ಬಿದ್ದ ಮೇಲಿನ ಮಾತು. ಸಾರಾಂಶದ ಕರಡು ಕಂಪೆನಿಗೆ ಹೋಗುವುದಕ್ಕೆ ಮುಂಚೆಯೇ ಅದನ್ನು ಓದಿಸಿ ಕೇಳಿಕೊಂಡು, ಬಿಟ್ಟುಹೋದುದನ್ನು ಸೇರಿಸಿರೆಂದು ವೈದ್ಯರನ್ನು ವಿನಯದಿಂದ ಬೇಡುವುದು ಒಳ್ಳೆಯದು. ಹೋದ ಮೇಲೆ ತಿದ್ದಿಸಿ ತಂದ ಕಾಗದವನ್ನು ಸಂಶಯದಿಂದಲೇ ನೋಡುತ್ತಾರೆ.

ಹೋಟೆಲು ಮಾಲೀಕರಿಗೂ ಒಂದು ಮಾತು. ಇ.ಎಸ್.ಐ. ಯೋಜನೆಗೆ ಒಳಪಟ್ಟ ಕೆಲಸಗಾರನಿಗೆ ಕಾಯಿಲೆಯ ದಿನಗಳಲ್ಲಿ ಸಂಬಳದ ನೂರಕ್ಕೆ 70 ಭಾಗ, ವರ್ಷಕ್ಕೆ 91 ದಿನಗಳ ತನಕ ದೊರೆಯುವ ಏರ್ಪಾಡಿದೆ. ಅದೂ ವೈದ್ಯರ ಪ್ರಮಾಣಪತ್ರದ ಮೇಲೆಯೇ ನಿಂತಿದೆ. ಹದಿನೆಂಟರ ಹುಡುಗನನ್ನು 'ಹೋಗಿ ತೋರಿಸಿಕೊಂಡು ಬಾ' ಎಂದು ಒಬ್ಬನೇ ಅಟ್ಟದೆ, ಸ್ಥಳದ ಭಾಷೆ ಬಲ್ಲ ಹಿರಿಯ ಕೆಲಸಗಾರನೊಬ್ಬನನ್ನು ಜೊತೆಗೆ ಕಳುಹಿಸಿದರೆ ಆ ಹೊತ್ತಿನ ವ್ಯಾಪಾರ ಮುಳುಗಿಹೋಗದು.

ಕನ್ನಡ ಸಂಘಗಳು ನಾಡಹಬ್ಬಕ್ಕೂ ಯಕ್ಷಗಾನಕ್ಕೂ ಖರ್ಚು ಮಾಡುವುದನ್ನು ನಾವು ಎಂದೂ ಆಕ್ಷೇಪಿಸಿದವರಲ್ಲ. ಅವುಗಳ ಜೊತೆಗೆ ಒಂದು ಹಾಳೆಯನ್ನು ಅಚ್ಚು ಹಾಕಿಸಲಿ. ಎಡಗಡೆ ನುಲಿತ, ಹಿಂಡು, ಉರಿ, ಉಬ್ಬರ, ಪಕ್ಕೆಸೆಳೆತ, ಮುಟ್ಟಿನ ನೋವು ಎಂಬ ನಮ್ಮ ಮಾತುಗಳು. ಬಲಗಡೆ ಆಯಾ ಊರಿನ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಅವುಗಳ ಸಮಾನಪದಗಳು. ಕೆಳಗೆ ಹೊಟ್ಟೆಯ ಒಂದು ಚಿತ್ರ, ಬೆರಳಿಟ್ಟು ತೋರಿಸಲು. ನಮ್ಮ ನಡುವೆ ಈ ನಗರಗಳಲ್ಲಿ ಕನ್ನಡ ಬಲ್ಲ ವೈದ್ಯರು ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಇಬ್ಬರು ಮೂವರು ಕುಳಿತು ಪದಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಟ್ಟು ಕಳುಹಿಸಿದರೆ, ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವಂತೆ ಅದನ್ನು ಭಾನುವಾರದ ಸಂಚಿಕೆಯಲ್ಲಿ ಪೂರ್ಣಪುಟವಾಗಿ ಪ್ರಕಟಿಸುವುದಕ್ಕೆ ನಾವು ಸಿದ್ಧರಿದ್ದೇವೆ.